ಬಲ್ಲವರು ಹೇಳದೆ ಬಿಡುವುದು: ಕೆಲಸವನ್ನು ಬಿಡಿಸಿ ನೋಡುವ ಬಗೆ

"ಹಳೇದು ತೆಗಿ, ಹೊಸದಕ್ಕೆ ರೆಗ್ಯುಲೇಟರ್ ಹಾಕು, ಆನ್ ಮಾಡು." ಗ್ಯಾಸ್ ಸಿಲಿಂಡರ್ ಬದಲಾಯಿಸುವುದು ಹೇಗೆಂದು ಕೇಳಿದರೆ ಮನೆಗಳಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಇಷ್ಟೇ. ಹೇಳುವವರು ವರ್ಷಗಟ್ಟಲೆ ಸಿಲಿಂಡರ್ ಬದಲಾಯಿಸಿದವರು. ಅವರ ಪಾಲಿಗೆ ಅದು ನಿಜಕ್ಕೂ ಮೂರು ಮಾತಿನ ಕೆಲಸ. ಹಾಸ್ಟೆಲ್ ಬಿಟ್ಟು ಮೊದಲ ಸಲ ಬಾಡಿಗೆ ಮನೆ ಹಿಡಿದ ಹುಡುಗನಿಗೆ ಮಾತ್ರ ಆ ಮೂರು ಮಾತಿನ ಸಂದಿಯಲ್ಲಿ ಹತ್ತಾರು ಪ್ರಶ್ನೆ. ಮುಚ್ಚಳದ ದಾರವನ್ನು ಯಾವ ಕಡೆ ಎಳೆಯಬೇಕು? ರೆಗ್ಯುಲೇಟರ್ ಸರಿಯಾಗಿ ಕೂತಿದೆ ಅಂತ ತಿಳಿಯುವುದು ಹೇಗೆ? ಸಣ್ಣಗೆ ವಾಸನೆ ಬಂದರೆ ಸುಮ್ಮನಿರಬಹುದೋ, ಓಡಬೇಕೋ?

ಈ ಸಂದಿಯನ್ನು ತುಂಬುವ ಕೆಲಸಕ್ಕೆ ಟಾಸ್ಕ್ ಅನಾಲಿಸಿಸ್ ಅನ್ನುತ್ತಾರೆ, ಕನ್ನಡದಲ್ಲಿ ಕಾರ್ಯ ವಿಶ್ಲೇಷಣೆ. ಬೋಧನಾ ವಿನ್ಯಾಸ ಓದುವ ನನ್ನಂಥವರಿಗೆ ಇದು ಮೊದಮೊದಲ ಪಾಠ. ಆದರೆ ಇದರ ಅಗತ್ಯ ಇರುವುದು ನಮಗಷ್ಟೇ ಅಲ್ಲ. ಗಾರ್ಮೆಂಟ್ಸ್‌ನಲ್ಲಿ ಹೊಸಬರಿಗೆ ಹೊಲಿಗೆ ತೋರಿಸುವ ಸೂಪರ್‌ವೈಸರ್, ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುವ ನರ್ಸ್, ಕಚೇರಿಗೆ ಬಂದ ಹೊಸ ಸಾಫ್ಟ್‌ವೇರಿಗೆ ಕೈಪಿಡಿ ಬರೆಯಬೇಕಾದ ಗುಮಾಸ್ತ, ಮಗುವಿಗೆ ತಾನೇ ಅಂಗಿ ಹಾಕಿಕೊಳ್ಳಲು ಕಲಿಸುವ ವಿಶೇಷ ಶಾಲೆಯ ಟೀಚರ್, ಎಲ್ಲರೂ ದಿನವೂ ಇದನ್ನೇ ಮಾಡುತ್ತಿರುತ್ತಾರೆ. ಹೆಸರು ಗೊತ್ತಿರುವುದಿಲ್ಲ, ಅಷ್ಟೇ.

ಹೆಜ್ಜೆಗಳನ್ನು ಪಟ್ಟಿ ಮಾಡುವುದು ಇದರ ಸುಲಭದ ಪಾಲು. ಕೆಲಸದ ನಡುವೆ ಎಲ್ಲೆಲ್ಲಿ ತೀರ್ಮಾನ ಮಾಡಬೇಕಾಗುತ್ತದೆ, ಆ ತೀರ್ಮಾನಕ್ಕೆ ಬಲ್ಲವರು ಏನನ್ನು ನೋಡುತ್ತಾರೆ, ಏನನ್ನು ಮೂಸುತ್ತಾರೆ, ಯಾವ ಸದ್ದಿಗೆ ಕಿವಿಗೊಡುತ್ತಾರೆ ಎಂಬುದನ್ನು ಹಿಡಿಯುವುದು ಕಷ್ಟದ ಪಾಲು. ಕಲಿಸಬೇಕಾದ್ದು ಬಹುಮಟ್ಟಿಗೆ ಇರುವುದೂ ಅಲ್ಲೇ.

ಮೊದಲು ಒಂದು ಅನುಮಾನ

ತರಬೇತಿ ಬೇಕು ಎಂದು ಯಾರಾದರೂ ಹೇಳಿದ ಕೂಡಲೇ ಪೆನ್ನು ಪೇಪರ್ ಹಿಡಿದು ಹೊರಡಬೇಡಿ. ರಾಬರ್ಟ್ ಮೇಗರ್ ಮತ್ತು ಪೀಟರ್ ಪೈಪ್ 1970ರಲ್ಲಿ ಬರೆದ ಪುಸ್ತಕವೊಂದರ ತಿರುಳು ಒಂದು ಒರಟು ಪ್ರಶ್ನೆಯಲ್ಲಿದೆ: ಪ್ರಾಣ ಹೋಗುತ್ತದೆ ಅಂದರೆ ಇವರು ಈ ಕೆಲಸ ಮಾಡಿಯಾರೇ? ಮಾಡಿಯಾರು ಎಂದಾದರೆ ಕೊರತೆ ತಿಳಿವಳಿಕೆಯದಲ್ಲ. ವಾರ್ಡಿನಲ್ಲಿ ಸಿಬ್ಬಂದಿ ಕೈ ತೊಳೆಯುತ್ತಿಲ್ಲ ಅಂದರೆ ಸಿಂಕು ಕಾರಿಡಾರಿನ ಆ ತುದಿಯಲ್ಲಿರಬಹುದು, ಸೋಪು ಮುಗಿದು ವಾರವಾಗಿರಬಹುದು. ಅಲ್ಲಿ ಸ್ಲೈಡು ತೋರಿಸಿ ಪ್ರಯೋಜನವಿಲ್ಲ, ಸೋಪು ತರಿಸಬೇಕು. ತರಬೇತಿ ಎಂದು ಖರ್ಚಾಗುವ ಹಣದಲ್ಲಿ ಒಂದಷ್ಟು ಈ ಪ್ರಶ್ನೆ ಕೇಳದೆ ಖರ್ಚಾಗುತ್ತದೆ ಎಂಬುದು ನನ್ನ ಗುಮಾನಿ.

ಇಲ್ಲ, ನಿಜಕ್ಕೂ ಬರುವುದಿಲ್ಲ, ಕಲಿಸಲೇಬೇಕು ಎಂದು ಖಾತ್ರಿಯಾದ ಮೇಲೆ ಮುಂದಿನದು.

ಕಾಗದ ಓದಿ, ಆಮೇಲೆ ಕಣ್ಣಾರೆ ನೋಡಿ

ಕೆಲಸದ ಜಾಗಕ್ಕೆ ಹೋಗುವ ಮುನ್ನ ಆ ಕೆಲಸದ ಬಗ್ಗೆ ಈಗಾಗಲೇ ಬರೆದಿಟ್ಟದ್ದನ್ನು ಓದಿಕೊಂಡು ಹೋಗುವುದು ಮರ್ಯಾದೆ. ನಮ್ಮ ದೇಶದಲ್ಲಿ ಇದಕ್ಕೊಂದು ಅನುಕೂಲವಿದೆ. 2013ರಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಜಾರಿಗೆ ಬಂದ ಮೇಲೆ ಹೊಲಿಗೆ ಯಂತ್ರದ ಆಪರೇಟರ್‌ನಿಂದ ಹಿಡಿದು ಆಸ್ಪತ್ರೆಯ ಸಹಾಯಕರವರೆಗೆ ನೂರಾರು ಉದ್ಯೋಗಗಳಿಗೆ ಕ್ವಾಲಿಫಿಕೇಶನ್ ಪ್ಯಾಕ್ ಎಂಬ ದಾಖಲೆಗಳು ಸಿದ್ಧವಾಗಿವೆ. ಯಾವ ಕೆಲಸ, ಅದರಲ್ಲಿ ಯಾವ್ಯಾವ ಭಾಗ, ಸರಿಯಾಗಿ ಮಾಡಿದ್ದಾರೆ ಎಂದು ಹೇಳಲು ಏನು ಕಾಣಬೇಕು, ಇಷ್ಟೂ ಅದರಲ್ಲಿ ಇರುತ್ತದೆ. ಭಾಷೆ ಸರ್ಕಾರಿ, ಓದಲು ಸಪ್ಪೆ. ಆದರೂ ನಾವು ಬರೆಯಬೇಕಾದ ಹಾಳೆಯ ಒಂದು ಬದಿಯನ್ನು ಅದು ತುಂಬಿಕೊಡುತ್ತದೆ.

ಈಗ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟಿಗೆ ಕೇಳಿದರೂ ಹತ್ತು ಹೆಜ್ಜೆಯ ಅಚ್ಚುಕಟ್ಟಾದ ಪಟ್ಟಿ ಅರೆಗಳಿಗೆಯಲ್ಲಿ ಬರುತ್ತದೆ. ಬೇಡವೆನ್ನಲಾರೆ. ಆದರೆ ಅದು ಕೊಡುವುದು ಎಲ್ಲೆಲ್ಲೋ ಬರೆದಿಟ್ಟದ್ದರ ಸಾರ. ಬರೆದಿಡದೆ ಉಳಿದದ್ದನ್ನು ಹುಡುಕಲಿಕ್ಕೇ ಅಲ್ಲವೇ ನಾವು ಹೊರಟಿರುವುದು?

ನೋಡುವುದಕ್ಕೆ ಗುರು ಬೇಕೆಂದರೆ ಫ್ರಾಂಕ್ ಗಿಲ್‌ಬ್ರೆತ್ ಇದ್ದಾನೆ. ಅಮೆರಿಕದ ಈ ಗಾರೆ ಮೇಸ್ತ್ರಿ ಒಂದು ಇಟ್ಟಿಗೆ ಕೂರಿಸಲು ಕೆಲಸಗಾರ ಎಷ್ಟು ಸಲ ಕೈ ಮೈ ಆಡಿಸುತ್ತಾನೆ ಎಂದು ಎಣಿಸುತ್ತ ಕೂತವನು. 18 ಚಲನೆಗಳಿದ್ದದ್ದನ್ನು ಐದಕ್ಕೆ, ಕೆಲವು ಕಡೆ ಇನ್ನೂ ಕಡಿಮೆಗೆ ಇಳಿಸಿದ. ಅವನು ಕಂಡುಕೊಂಡದ್ದರಲ್ಲಿ ದೊಡ್ಡದು ಕೆಲಸಗಾರನ ಕೈಯಲ್ಲಿರಲಿಲ್ಲ. ಇಟ್ಟಿಗೆಯನ್ನು ನೆಲದ ಮೇಲೆ ರಾಶಿ ಹಾಕಿದ್ದರಿಂದ ಪ್ರತಿ ಇಟ್ಟಿಗೆಗೂ ಮನುಷ್ಯ ತನ್ನ ಇಡೀ ಮೈಯನ್ನು ಬಗ್ಗಿಸಿ ಎತ್ತಬೇಕಿತ್ತು. ಇಟ್ಟಿಗೆ, ಗಾರೆ ಎರಡೂ ಸೊಂಟದ ಎತ್ತರಕ್ಕೆ ಸಿಗುವಂತೆ ಅಟ್ಟಣೆ ಮಾಡಿಸಿದ. ಅವನ ಹೆಂಡತಿ ಲಿಲಿಯನ್ ಮನಶ್ಶಾಸ್ತ್ರ ಓದಿದವಳು. ಚಲನೆಯ ಜೊತೆ ದಣಿವನ್ನೂ ಲೆಕ್ಕಕ್ಕೆ ತಂದ ಕೆಲಸ ಇಬ್ಬರದೂ ಹೌದು. ನೋಡುವಾಗ ಮನುಷ್ಯನ ಕೈಯನ್ನಷ್ಟೇ ನೋಡಬೇಡಿ, ಅವನ ಸುತ್ತ ಏನೇನು ಎಲ್ಲೆಲ್ಲಿ ಇದೆ ನೋಡಿ ಎಂಬುದು ಇವರಿಂದ ನಮಗೆ ಸಿಗುವ ಪಾಠ.

ಮೊದಲ ಸಲ ನೋಡುವಾಗ ಏನನ್ನೂ ಕೇಳದಿರುವುದು ಲೇಸು. ನಡುವೆ ಬಾಯಿ ಹಾಕಿದರೆ ಕೈ ತಡವರಿಸುತ್ತದೆ, ನಮ್ಮ ಮುಂದೆ "ಸರಿಯಾಗಿ" ಮಾಡಿ ತೋರಿಸುವ ಹುಮ್ಮಸ್ಸು ಬರುತ್ತದೆ. ಎರಡನೇ ಸಲಕ್ಕೆ, ಒಪ್ಪಿದರೆ, ಫೋನಿನಲ್ಲಿ ವಿಡಿಯೊ. ಮೂರನೇ ಸಲಕ್ಕೆ ಪ್ರಶ್ನೆ.

ಒಂದು ಸಿಲಿಂಡರ್, ಬಿಡಿಸಿದಾಗ

ಕೆಲಸವನ್ನು ಮೇಲಿನಿಂದ ಕೆಳಕ್ಕೆ ಒಡೆಯುತ್ತ ಹೋಗುವ ಕ್ರಮವನ್ನು ಜಾನ್ ಆ್ಯನೆಟ್ ಮತ್ತು ಕೀತ್ ಡಂಕನ್ 1967ರಲ್ಲಿ ಮುಂದಿಟ್ಟರು. ಕಾರ್ಖಾನೆಗಳ ಆಪರೇಟರ್‌ಗಳಿಗೆ ಏನು ಕಲಿಸಬೇಕು ಎಂಬ ತಲೆನೋವಿನಿಂದ ಹುಟ್ಟಿದ ವಿಧಾನ ಅದು. ದೊಡ್ಡ ಗುರಿ, ಅದರೊಳಗೆ ಚಿಕ್ಕ ಗುರಿಗಳು, ಅವುಗಳೊಳಗೆ ಕ್ರಿಯೆಗಳು. ಇಷ್ಟೇ ಆಗಿದ್ದರೆ ಅದೊಂದು ಮಾಮೂಲು ಪಟ್ಟಿ. ಅವರು ಪ್ರತಿ ಹಂತಕ್ಕೂ ಒಂದು ಯೋಜನೆ ಸೇರಿಸಿದರು: ಈ ಕ್ರಿಯೆಗಳಲ್ಲಿ ಯಾವುದು ಯಾವಾಗ, ಯಾವ ಷರತ್ತಿನ ಮೇಲೆ. ನಮ್ಮ ಸಿಲಿಂಡರನ್ನು ಹಾಗೆ ಬಿಡಿಸಿದರೆ ಹೀಗೆ ಬರುತ್ತದೆ:

0. ಖಾಲಿ ಸಿಲಿಂಡರ್ ತೆಗೆದು ತುಂಬಿದ್ದನ್ನು ಜೋಡಿಸುವುದು
ಯೋಜನೆ: 1, 2, 3, 4 ಕ್ರಮವಾಗಿ. 3ರಲ್ಲಿ ಅಥವಾ 4ರಲ್ಲಿ ಸೋರಿಕೆ ಕಂಡರೆ ಅಲ್ಲಿಗೇ ನಿಲ್ಲಿಸಿ 5ಕ್ಕೆ.

1. ಜಾಗ ಸಿದ್ಧಪಡಿಸುವುದು: ಒಲೆಯ ನಾಬ್‌ಗಳೆಲ್ಲ ಬಂದ್, ದೀಪ, ಊದುಬತ್ತಿ ಆರಿಸಿರಬೇಕು, ಕಿಟಕಿ ತೆರೆದಿರಬೇಕು.
2. ಹಳೆಯದನ್ನು ಬಿಡಿಸುವುದು: ರೆಗ್ಯುಲೇಟರ್ ನಾಬ್ ಬಂದ್, ತಳದ ಕಪ್ಪು ಬಳೆಯನ್ನು ಮೇಲಕ್ಕೆ ಹಿಡಿದು ರೆಗ್ಯುಲೇಟರ್ ಎತ್ತುವುದು, ಖಾಲಿ ಸಿಲಿಂಡರಿಗೆ ಮುಚ್ಚಳ ಹಾಕುವುದು.
3. ಹೊಸದನ್ನು ಪರೀಕ್ಷಿಸುವುದು: ಸೀಲ್ ಸರಿಯಿದೆಯೇ, ಮುಚ್ಚಳ ತೆಗೆದು ವಾಲ್ವಿನೊಳಗೆ ರಬ್ಬರ್ ವಾಷರ್ ಇದೆಯೇ, ಹರಿದಿದೆಯೇ, ವಾಲ್ವಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆಯೇ.
4. ಜೋಡಿಸುವುದು: ನಾಬ್ ಬಂದ್ ಇರುವಂತೆಯೇ ಬಳೆ ಎತ್ತಿ ಹಿಡಿದು ರೆಗ್ಯುಲೇಟರನ್ನು ನೇರಕ್ಕೆ ಒತ್ತುವುದು, ಬಳೆಯನ್ನು ಕೆಳಕ್ಕೆ ಬಿಡುವುದು, ಮೆಲ್ಲಗೆ ಮೇಲಕ್ಕೆ ಜಗ್ಗಿ ನೋಡುವುದು, ಆನ್ ಮಾಡಿ ಕೂಡುವ ಜಾಗಕ್ಕೆ ಮತ್ತೆ ಸೋಪಿನ ನೀರು.
5. ಸೋರಿಕೆ ಕಂಡರೆ: ನಾಬ್ ಬಂದ್ ಮಾಡಿ, ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕುವುದು, ಬಾಗಿಲು ಕಿಟಕಿ ಪೂರ್ತಿ ತೆರೆಯುವುದು, ಯಾವ ಸ್ವಿಚ್ಚನ್ನೂ ಮುಟ್ಟದಿರುವುದು, ಸಿಲಿಂಡರನ್ನು ಬಯಲಿಗೆ ಸಾಗಿಸಿ 1906ಕ್ಕೆ ಫೋನ್ ಮಾಡುವುದು.

ಮೂರು ಮಾತು ಇಷ್ಟಾಯಿತು. ಈಗ ಇದನ್ನು ಬರಿಯ ಹೆಜ್ಜೆಯಾಗಿ ನೋಡದೆ ಒಂದೊಂದನ್ನೂ ತಡವಿ ನೋಡಿ. 3ರಲ್ಲಿರುವವೆಲ್ಲ ಪ್ರಶ್ನೆಗಳೇ, ಕ್ರಿಯೆ ಅಲ್ಲ. ಕಲಿಯುವವನು ಹರಿದ ವಾಷರನ್ನು ಎಂದೂ ನೋಡಿಯೇ ಇಲ್ಲದಿದ್ದರೆ "ವಾಷರ್ ಪರೀಕ್ಷಿಸಿ" ಎಂಬ ಸೂಚನೆಗೆ ಅರ್ಥವಿಲ್ಲ. ಆದ್ದರಿಂದ ಪಾಠದಲ್ಲಿ ಬೇಕಾದ್ದು ಇನ್ನೊಂದು ವಾಕ್ಯವಲ್ಲ, ಒಳ್ಳೆಯ ವಾಷರ್ ಮತ್ತು ಕೆಟ್ಟ ವಾಷರಿನ ಎರಡು ಚಿತ್ರ. 5ರಲ್ಲಿ "ಸ್ವಿಚ್ಚು ಮುಟ್ಟಬೇಡಿ" ಎಂಬುದಕ್ಕೆ ಕಾರಣ ಜೊತೆಗೇ ಹೋಗಬೇಕು. ವಾಸನೆ ಬಂದ ಕೂಡಲೇ ಎಕ್ಸಾಸ್ಟ್ ಫ್ಯಾನ್ ಹಾಕಲು ಕೈ ತಾನಾಗಿ ಓಡುತ್ತದೆ. ಆ ಸ್ವಿಚ್ಚಿನ ಕಿಡಿ ಸಾಕು ಎಂದು ತಿಳಿದವನ ಕೈ ಮಾತ್ರ ತಡೆದುಕೊಳ್ಳುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಹರಡಿಕೊಳ್ಳುತ್ತದೆ ಎಂದು ಗೊತ್ತಿದ್ದರೆ ಕಿಟಕಿಯ ಜೊತೆ ಬಾಗಿಲನ್ನೂ ಯಾಕೆ ತೆರೆಯಬೇಕೆಂದು ಹೇಳಿಕೊಡಬೇಕಾಗಿಲ್ಲ.

ಎಲ್ಲಿಯವರೆಗೆ ಒಡೆಯಬೇಕು? ಹೊಸ ವಿದ್ಯಾರ್ಥಿಗಳನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ ಇದು. "ಬಲಗೈ ಎತ್ತಿ, ಬೆರಳು ಮಡಚಿ" ಎನ್ನುವವರೆಗೂ ಇಳಿಯಬಹುದು, ಇಳಿದವರನ್ನೂ ನೋಡಿದ್ದೇನೆ. ಆ್ಯನೆಟ್, ಡಂಕನ್ ಕೊಟ್ಟ ಅಳತೆ ಸರಳವಾದದ್ದು: ಕಲಿಯುವವರು ಈ ಹೆಜ್ಜೆಯಲ್ಲಿ ತಪ್ಪುವ ಸಂಭವ ಎಷ್ಟು, ತಪ್ಪಿದರೆ ಆಗುವ ನಷ್ಟ ಎಷ್ಟು, ಎರಡನ್ನೂ ಗುಣಿಸಿ. ಬಂದದ್ದು ಸಹಿಸುವಷ್ಟಿದ್ದರೆ ಅಲ್ಲಿಗೆ ನಿಲ್ಲಿಸಿ. ಒಲೆಯ ನಾಬ್ ಬಂದ್ ಮಾಡುವುದನ್ನು ಇನ್ನಷ್ಟು ಬಿಡಿಸಬೇಕಾಗಿಲ್ಲ. ರೆಗ್ಯುಲೇಟರ್ ಕೂರಿಸುವುದನ್ನು ಬಿಡಿಸಲೇಬೇಕು, ಏಕೆಂದರೆ ಅರ್ಧ ಕೂತದ್ದೂ ಪೂರ್ತಿ ಕೂತಂತೆಯೇ ಕಾಣುತ್ತದೆ. ಈ ಲೆಕ್ಕ ಕಲಿಯುವವರನ್ನು ಅವಲಂಬಿಸಿದ್ದು ಎಂಬುದು ನೆನಪಿರಲಿ. ವಿಶೇಷ ಶಾಲೆಯಲ್ಲಿ ಕೈ ತೊಳೆಯುವುದನ್ನು ಕಲಿಸುವಾಗ "ನಲ್ಲಿ ತಿರುಗಿಸು" ಎಂಬುದು ಒಂದು ಮಗುವಿಗೆ ಒಂದು ಹೆಜ್ಜೆ, ಪಕ್ಕದ ಮಗುವಿಗೆ ಮೂರು. ಕೆಲಸ ಒಂದೇ, ವಿಶ್ಲೇಷಣೆ ಎರಡು.

ಇದರ ಪಕ್ಕದಲ್ಲಿ ಇನ್ನೊಂದು ಜರಡಿ ಇಟ್ಟುಕೊಳ್ಳಬಹುದು: ಕಷ್ಟ ಎಷ್ಟು, ಮುಖ್ಯ ಎಷ್ಟು, ಎಷ್ಟು ಸಲ ಮಾಡಬೇಕಾಗುತ್ತದೆ. ದಿನಾ ಮಾಡುವ ಸುಲಭದ್ದನ್ನು ಕಲಿಸಲು ಹೊತ್ತು ಕಳೆಯಬೇಡಿ, ಮಾಡುತ್ತ ಮಾಡುತ್ತ ಬರುತ್ತದೆ. ಅಪರೂಪಕ್ಕೆ ಬರುವ, ಆದರೆ ಬಂದಾಗ ಪ್ರಾಣದ ಪ್ರಶ್ನೆಯಾಗುವ ಮೇಲಿನ 5ರಂಥದ್ದು ತರಗತಿಯಲ್ಲಿ ಹೇಳಿ ಮುಗಿಸುವ ವಿಷಯವಲ್ಲ. ಅದನ್ನು ಒಲೆಯ ಹಿಂದಿನ ಗೋಡೆಗೆ ಅಂಟಿಸಬೇಕು, ಆಗಾಗ ಮಾಡಿಸಬೇಕು.

"ಕಂಡ್ರೆ ಗೊತ್ತಾಗಲ್ವಾ?"

ಸಿಲಿಂಡರ್ ಸುಲಭದ ಉದಾಹರಣೆ, ಏಕೆಂದರೆ ಅದರಲ್ಲಿ ಬಹುಪಾಲು ಕಣ್ಣಿಗೆ ಕಾಣುತ್ತದೆ. ಶಿಡ್ಲಘಟ್ಟದಲ್ಲೋ ರಾಮನಗರದಲ್ಲೋ ರೇಷ್ಮೆ ನೂಲು ಬಿಚ್ಚುವ ಘಟಕಕ್ಕೆ ಹೋಗಿ ನಿಂತರೆ ಅಸಲಿ ಕಷ್ಟ ಎದುರಾಗುತ್ತದೆ.

ಹೊರಗಿನವರಿಗೆ ಕಾಣುವುದು ಇಷ್ಟು: ಗೂಡನ್ನು ಬಿಸಿನೀರಿನಲ್ಲಿ ಬೇಯಿಸುತ್ತಾರೆ, ಕುಂಚದಿಂದ ಸವರಿ ಎಳೆಯ ತುದಿ ಹಿಡಿಯುತ್ತಾರೆ, ಕೆಲವು ಗೂಡಿನ ಎಳೆಗಳನ್ನು ಒಟ್ಟು ಸೇರಿಸಿ ರಾಟೆಗೆ ಸುತ್ತುತ್ತಾರೆ, ಎಳೆ ಮುಗಿದ ಗೂಡಿನ ಜಾಗಕ್ಕೆ ಹೊಸದು ಕೊಡುತ್ತಾರೆ. ನಾಲ್ಕು ಹೆಜ್ಜೆ. ಇಷ್ಟು ಬರೆದುಕೊಂಡು ಬಂದರೆ ಬೋಧನಾ ವಿನ್ಯಾಸದ ಪರೀಕ್ಷೆಯಲ್ಲಿ ಅಂಕ ಬರಬಹುದು, ಒಂದು ಲಡಿ ಒಳ್ಳೆಯ ನೂಲು ಬರುವುದಿಲ್ಲ.

ಯಾಕೆಂದರೆ ಗೂಡಿನ ಎಳೆ ಉದ್ದಕ್ಕೂ ಒಂದೇ ದಪ್ಪ ಇರುವುದಿಲ್ಲ, ಒಳಪದರಕ್ಕೆ ಹೋದಂತೆ ಸಣ್ಣಗಾಗುತ್ತದೆ. ದಪ್ಪವನ್ನು ಅಳೆಯುವುದು ಡೆನಿಯರ್ ಲೆಕ್ಕದಲ್ಲಿ: 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಒಂದು ಗೂಡಿನ ಎಳೆ ಸುಮಾರು 2ರಿಂದ 3 ಡೆನಿಯರ್ ಇರುವುದರಿಂದ 20–22 ಡೆನಿಯರ್ ನೂಲಿಗೆ ಎಂಟು ಹತ್ತು ಗೂಡುಗಳ ಎಳೆ ಒಟ್ಟುಗೂಡಬೇಕು. ಅವುಗಳಲ್ಲಿ ಕೆಲವು ಹೊಸವು, ಕೆಲವು ಅರ್ಧ ಬಿಚ್ಚಿದವು, ಕೆಲವು ಮುಗಿಯುತ್ತ ಬಂದವು. ಗೂಡಿನ ಸಂಖ್ಯೆ ಅಷ್ಟೇ ಇದ್ದರೂ ಮುಗಿಯುತ್ತ ಬಂದವು ಜಾಸ್ತಿಯಾದರೆ ನೂಲು ತೆಳುವಾಗುತ್ತದೆ. ಹಾಗಾಗಿ ನೂಲು ಬಿಚ್ಚುವ ಬೇಸಿನ್ ಮುಂದೆ ಕೂತವರು ಗೂಡು ಎಣಿಸುತ್ತಿಲ್ಲ. ನೂಲಿನ ದಪ್ಪವನ್ನು ಕ್ಷಣಕ್ಷಣಕ್ಕೂ ಅಂದಾಜು ಮಾಡುತ್ತಿದ್ದಾರೆ. ಬೇಯಿಸುವುದರಲ್ಲೂ ಹಾಗೇ. ಸೆರಿಸಿನ್ ಎಂಬ ಅಂಟು ಸಾಕಷ್ಟು ಮೆತ್ತಗಾಗದಿದ್ದರೆ ಎಳೆ ಕಡಿಯುತ್ತದೆ. ಜಾಸ್ತಿ ಬೆಂದರೆ ಎಳೆ ಗೋಜಲಾಗಿ ಕಿತ್ತುಬಂದು ರೇಷ್ಮೆ ಕಸಕ್ಕೆ ಸೇರುತ್ತದೆ.

ಇದನ್ನು ಕೇಳಿ ತಿಳಿಯಲು ಹೋದರೆ ಮಾತು ಸಾಮಾನ್ಯವಾಗಿ ಈ ದಾರಿ ಹಿಡಿಯುತ್ತದೆ:

"ಅಕ್ಕಾ, ಈಗ ಹೊಸ ಗೂಡು ಕೊಟ್ರಲ್ಲ, ಯಾಕೆ?"
"ನೂಲು ಸಣ್ಣ ಆಯ್ತಲ್ಲ."
"ಸಣ್ಣ ಆಯ್ತು ಅಂತ ಹೆಂಗ್ ಗೊತ್ತಾಯ್ತು?"
"ಕಂಡ್ರೆ ಗೊತ್ತಾಗಲ್ವಾ?"

ಬಹುಪಾಲು ವಿದ್ಯಾರ್ಥಿಗಳ ಸಂದರ್ಶನ ಇಲ್ಲಿಗೆ ಮುಗಿಯುತ್ತದೆ. ಅಸಲಿಗೆ ಶುರುವಾಗಬೇಕಾದ್ದು ಇಲ್ಲಿಂದ. ಆಕೆ ಏನನ್ನೂ ಮುಚ್ಚಿಡುತ್ತಿಲ್ಲ. ವರ್ಷಗಳ ಅಭ್ಯಾಸದಲ್ಲಿ ಆ ತಿಳಿವಳಿಕೆ ಮಾತಿನ ಕೆಳಕ್ಕೆ ಇಳಿದುಹೋಗಿದೆ. ಅಮೆರಿಕದ ಸಂಶೋಧಕ ರಿಚರ್ಡ್ ಕ್ಲಾರ್ಕ್ ಮತ್ತು ಸಂಗಡಿಗರು ಈ ಬಗ್ಗೆ ವರ್ಷಗಟ್ಟಲೆ ಬರೆದಿದ್ದಾರೆ. ಪರಿಣತರು ತಮ್ಮ ಕೆಲಸವನ್ನು ತಾವೇ ವಿವರಿಸುವಾಗ ಕಲಿಯುವವರಿಗೆ ಬೇಕಾದ ಮಾಹಿತಿಯಲ್ಲಿ ಶೇ. 70ರವರೆಗೂ ಬಿಟ್ಟುಹೋಗಬಹುದು ಎಂಬುದು ಅವರ ಅಂದಾಜು. ಬಿಟ್ಟುಹೋಗುವುದರಲ್ಲಿ ಮುಖ್ಯವಾದದ್ದು ತೀರ್ಮಾನಗಳು. ಕೈ ಮಾಡುವ ಕೆಲಸ ನೆನಪಿರುತ್ತದೆ, ತಲೆ ಮಾಡುವುದು ಇರುವುದಿಲ್ಲ.

ಹಾಗಾದರೆ ಏನು ಕೇಳಬೇಕು? "ಹೇಗೆ ಮಾಡುತ್ತೀರಿ" ಎಂದು ಕೇಳಿದರೆ ನಿಯಮ ಸಿಗುತ್ತದೆ. "ಹೋದ ಸಲ ಕೆಟ್ಟಾಗ ಏನಾಯಿತು" ಎಂದು ಕೇಳಿದರೆ ಕತೆ ಸಿಗುತ್ತದೆ, ತೀರ್ಮಾನಗಳೆಲ್ಲ ಕತೆಯೊಳಗಿರುತ್ತವೆ. ಜಾನ್ ಫ್ಲಾನಗನ್ 1954ರಲ್ಲಿ ಪ್ರಕಟಿಸಿದ ವಿಧಾನದ ಜೀವಾಳವೇ ಇದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಗಾಗಿ ಮಾಡಿದ ಕೆಲಸದಿಂದ ಅದು ಬೆಳೆದದ್ದು. ಆಮೇಲೆ ಸಂಶೋಧಕ ಗ್ಯಾರಿ ಕ್ಲೈನ್ 1980ರ ದಶಕದಲ್ಲಿ ಬೆಂಕಿ ಆರಿಸುವ ದಳದ ನಾಯಕರನ್ನು ಹೀಗೆಯೇ ಮಾತಾಡಿಸಿ ಒಂದು ಅಚ್ಚರಿ ಕಂಡ. ಅನುಭವಿ ನಾಯಕರು ಎರಡು ಮೂರು ದಾರಿಗಳನ್ನು ತೂಗಿ ನೋಡಿ ಒಂದನ್ನು ಆರಿಸುವುದಿಲ್ಲ. ಪರಿಸ್ಥಿತಿಯ ಗುರುತು ಹತ್ತುತ್ತದೆ, ಗುರುತು ಹತ್ತಿದ ಕೂಡಲೇ ಮಾಡಬೇಕಾದ್ದು ತಾನಾಗಿ ಹೊಳೆಯುತ್ತದೆ. ಹಾಗಿದ್ದ ಮೇಲೆ ಕಲಿಸಬೇಕಾದ್ದು ಗುರುತುಗಳನ್ನು.

ರೇಷ್ಮೆಯ ಅಕ್ಕನ ಹತ್ತಿರ ಫಲ ಕೊಡುವಂಥ ಪ್ರಶ್ನೆಗಳು ಹೀಗಿರಬಹುದು. ಹೊಸದಾಗಿ ಸೇರಿದ ಹುಡುಗಿಯರು ಇಲ್ಲಿ ಏನು ತಪ್ಪು ಮಾಡುತ್ತಾರೆ? ನಾನು ಕಂಡಂತೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ, ಪರಿಣತರು ತಮ್ಮ ಬಗ್ಗೆ ಹೇಳಲು ತಡವರಿಸುತ್ತಾರೆ, ಹೊಸಬರ ಬಗ್ಗೆ ಹೇಳಲು ಯಾವ ತಡೆಯೂ ಇಲ್ಲ. ಮಳೆಗಾಲದ ಗೂಡಾದರೆ ಬೇಯಿಸುವುದರಲ್ಲಿ ಏನು ವ್ಯತ್ಯಾಸ ಮಾಡುತ್ತೀರಿ? ಮುಗಿಯುತ್ತ ಬಂದ ಗೂಡು ಯಾವುದು, ಈಗ ತೋರಿಸಿ. (ಪದರ ತೆಳುವಾಗಿ ಒಳಗಿನ ಹುಳು ಕಾಣತೊಡಗುತ್ತದೆ, ಅದೊಂದು ಗುರುತು.) ವಿಡಿಯೊ ತೋರಿಸಿ ಒಂದು ಕಡೆ ನಿಲ್ಲಿಸಿ, ಈಗ ಮುಂದೆ ಏನು ಮಾಡುತ್ತೀರಿ, ಯಾಕೆ ಎಂದೂ ಕೇಳಬಹುದು. ಕೇಳಿದ ಮೇಲೆ ಸುಮ್ಮನಿರಬೇಕು. ಮೌನ ಸಹಿಸಲಾಗದೆ "ಬಣ್ಣ ನೋಡಿ ಅಲ್ವಾ ಅಕ್ಕಾ?" ಎಂದು ನಾವೇ ಉತ್ತರ ಕೊಟ್ಟರೆ, ಬೇಜಾರು ಮಾಡಬಾರದೆಂದು "ಹೂಂ" ಅಂದುಬಿಡುತ್ತಾರೆ. ಆ ಹೂಂ ನಮ್ಮ ದಾಖಲೆಯಲ್ಲಿ ಪರಿಣತರ ಅಭಿಪ್ರಾಯವಾಗಿ ಕೂರುತ್ತದೆ.

ದಾಖಲೆಯಲ್ಲಿ ಪ್ರತಿ ತೀರ್ಮಾನಕ್ಕೂ ನಾಲ್ಕು ಮನೆ ಇಟ್ಟುಕೊಂಡರೆ ಸಾಕು: ಯಾವ ತೀರ್ಮಾನ, ಯಾಕೆ ಕಷ್ಟ, ಬಲ್ಲವರು ಹಿಡಿಯುವ ಗುರುತು, ಹೊಸಬರ ತಪ್ಪು. ಮೂರನೆಯ ಮನೆ ಖಾಲಿ ಉಳಿದಿದ್ದರೆ ಇನ್ನೊಮ್ಮೆ ಹೋಗಬೇಕು.

ಮಾಡುವ ಕ್ರಮ ಬೇರೆ, ಕಲಿಸುವ ಕ್ರಮ ಬೇರೆ

ವಿಶ್ಲೇಷಣೆ ಮುಗಿದ ಮೇಲೆ ಅದೇ ಅನುಕ್ರಮದಲ್ಲಿ ಪಾಠ ಬರೆದುಬಿಡುವುದು ಸಹಜ. ಹಾಗೆ ಮಾಡಬೇಕೆಂದೇನೂ ಇಲ್ಲ. ಶೈಕ್ಷಣಿಕ ಮನಶ್ಶಾಸ್ತ್ರಜ್ಞ ರಾಬರ್ಟ್ ಗಾನ್ಯೆ 1960ರ ದಶಕದಲ್ಲಿ ಒತ್ತಿ ಹೇಳಿದ್ದು ಇದನ್ನು: ಒಂದು ಕೌಶಲಕ್ಕೆ ಮುಂಚೆ ಯಾವ ಕೌಶಲ ಬಂದಿರಬೇಕು ಎಂಬ ಏಣಿಯೇ ಬೇರೆ.

ಈ ಮಾತಿಗೆ ನಮ್ಮಲ್ಲೇ ಒಂದು ಸೊಗಸಾದ ಉದಾಹರಣೆ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ–ಕಲಿಯಲ್ಲಿ ಮಗು ಏರುವುದು ಕಲಿಕಾ ಏಣಿಯನ್ನು. ಅಕ್ಷರ ಕಲಿಕೆ ಅಲ್ಲಿ ಅ ಆ ಇ ಈ ಎಂದು ಆರಂಭವಾಗುವುದಿಲ್ಲ, ರ ಗ ಸ ದ ಅ ಎಂದು ಆರಂಭವಾಗುತ್ತದೆ. ಮನೆಯಲ್ಲಿ ಅಜ್ಜ ಅಜ್ಜಿಯರು "ಇದೆಂಥ ಪಾಠ" ಎಂದು ಮೂಗು ಮುರಿದದ್ದುಂಟು. ಈ ಐದೇ ಅಕ್ಷರದಿಂದ ಏನೇನಾಗುತ್ತದೆ ನೋಡಿ: ಸರ, ದರ, ಅರಸ, ಅಗಸ, ಗರಗಸ. ಮಗು ಕೆಲವೇ ದಿನದಲ್ಲಿ ಪದ ಓದುತ್ತದೆ. ವರ್ಣಮಾಲೆಯ ಸಾಲು ಹಿಡಿದು ಹೋದರೆ ಏಳನೆಯದಾಗಿ ಋ ಬರುತ್ತದೆ, ವ್ಯಂಜನಕ್ಕೆ ಬಂದು ಐದನೆಯದಕ್ಕೇ ಙ. ಆ ಎರಡನ್ನೂ ಹಾಕಿ ಒಂದನೇ ತರಗತಿಯ ಮಗುವಿಗೆ ಓದಲು ಯಾವ ಪದ ಕೊಡುತ್ತೀರಿ? ವರ್ಣಮಾಲೆಯ ಕ್ರಮ ತಪ್ಪು ಎಂದಲ್ಲ. ಧ್ವನಿ ಬಾಯಲ್ಲಿ ಎಲ್ಲಿ ಹುಟ್ಟುತ್ತದೆ ಎಂದು ವಿಂಗಡಿಸುವ ಕೆಲಸಕ್ಕೆ ಅದರಷ್ಟು ಚೊಕ್ಕ ವ್ಯವಸ್ಥೆ ಇನ್ನೊಂದಿಲ್ಲ. ಮಗುವಿನ ಮುಂದಿರುವ ಕೆಲಸ ಅದಲ್ಲ, ಓದುವುದು. ಕೆಲಸ ಯಾವುದೆಂದು ಗುರುತಿಸಿದವರು ಅಕ್ಷರಗಳ ಸಾಲನ್ನೇ ಬದಲಿಸಿದರು.

ಇದನ್ನು ಇನ್ನೂ ಮುಂದಕ್ಕೆ ಒಯ್ದವರು ವಿಶೇಷ ಶಿಕ್ಷಣದವರು. ಟೀ ಶರ್ಟ್ ಹಾಕಿಕೊಳ್ಳುವುದನ್ನು ಕಲಿಸುವಾಗ ಅವರು ಕೊನೆಯಿಂದ ಶುರು ಮಾಡುತ್ತಾರೆ. ತಲೆ ತೂರಿಸುವುದು, ತೋಳು ಹಾಕುವುದು ಎಲ್ಲವನ್ನೂ ಟೀಚರ್ ಮಾಡಿ, ಅಂಚನ್ನು ಹೊಟ್ಟೆಯ ಮೇಲೆ ಕೆಳಕ್ಕೆ ಎಳೆಯುವುದನ್ನಷ್ಟೇ ಮಗುವಿಗೆ ಬಿಡುತ್ತಾರೆ. ಅದು ಬಂದ ಮೇಲೆ ಕೊನೆಯಿಂದ ಎರಡನೆಯದು. ಮೊದಲ ದಿನದಿಂದಲೂ ಮಗು ಕೆಲಸವನ್ನು ಮುಗಿಸಿಯೇ ಏಳುತ್ತದೆ, ಅರ್ಧಕ್ಕೆ ಸೋಲುವುದಿಲ್ಲ. ಸಾಫ್ಟ್‌ವೇರ್ ತರಬೇತಿಯಲ್ಲೂ ಇದನ್ನು ಮಾಡಿ ನೋಡಬಹುದು: ಎಲ್ಲ ತುಂಬಿದ ಅರ್ಜಿಯನ್ನು ಮುಂದಿಟ್ಟು, ಮೊದಲು ಪರಿಶೀಲಿಸಿ ಸಲ್ಲಿಸುವುದನ್ನು ಕಲಿಸಿ.

ಕತ್ತರಿಸುವ ಧೈರ್ಯ

ವಿಶ್ಲೇಷಣೆ ಉದ್ದವಾಗಿರಲಿ, ಪಾಠ ಚಿಕ್ಕದಾಗಿರಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಅನನುಭವಿಗಳು ತಂಡತಂಡವಾಗಿ ಬಂದಾಗ ಟ್ರೈನಿಂಗ್ ವಿದಿನ್ ಇಂಡಸ್ಟ್ರಿ ಎಂಬ ಸರ್ಕಾರಿ ಯೋಜನೆ ಒಂದು ಚೀಟಿಯನ್ನು ಬಳಕೆಗೆ ತಂದಿತು. ಒಂದು ಕಡೆ ಮುಖ್ಯ ಹೆಜ್ಜೆ, ಇನ್ನೊಂದು ಕಡೆ ಅದರ ಕೀಲಕದ ಅಂಶ. ಅಷ್ಟೇ. ಯುದ್ಧ ಮುಗಿದ ಮೇಲೆ ಆ ಪದ್ಧತಿ ಜಪಾನಿಗೆ ಹೋಯಿತು, ಟೊಯೊಟಾ ಅದನ್ನು ತನ್ನದಾಗಿಸಿಕೊಂಡಿತು. ಚೀಟಿಯಲ್ಲಿ ಜಾಗ ಕಡಿಮೆ ಇರುವುದೇ ಅದರ ಗುಣ, ಯಾವುದು ಕೀಲಕ ಎಂದು ತೀರ್ಮಾನಿಸದೆ ಅದನ್ನು ತುಂಬಲಾಗುವುದಿಲ್ಲ.

ಕತ್ತರಿಸುವುದರಲ್ಲಿ ನನಗೆ ಮಾದರಿಯೆನಿಸುವುದು ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯ ಕೆಲಸ. ವಾಂತಿಭೇದಿಯಾದ ಮಗುವಿಗೆ ಉಪ್ಪು ಸಿಹಿಯ ನೀರು ಮಾಡಿ ಕುಡಿಸುವುದನ್ನು 1980ರಿಂದ 1990ರವರೆಗೆ ಅವರ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕಲಿಸಿದರು. ಒಂದು ಕೋಟಿಗೂ ಹೆಚ್ಚು ಮನೆ. ಕಲಿಯುವವರಲ್ಲಿ ಓದು ಬಾರದ ತಾಯಂದಿರೇ ಹೆಚ್ಚು. ಮನೆಯಲ್ಲಿ ಅಳತೆಯ ಚಮಚ ಇಲ್ಲ, ಇದ್ದರೂ ಒಂದೊಂದು ಮನೆಯದು ಒಂದೊಂದು ಗಾತ್ರ. ಉಪ್ಪು ಹೆಚ್ಚಾದರೆ ಮಗುವಿಗೇ ಅಪಾಯ. ಇಷ್ಟನ್ನು ಎದುರಿಗಿಟ್ಟುಕೊಂಡು ಅವರು ಅಳತೆಯ ಸಾಧನವನ್ನೇ ಬದಲಿಸಿದರು: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಾಯಿಯ ಕೈ ಎಲ್ಲಿಗೂ ಕಳೆದುಹೋಗುವುದಿಲ್ಲ. ನೆನಪಿಡಬೇಕಾದ್ದನ್ನು ಹತ್ತು ಅಂಶಕ್ಕೆ ಕಟ್ಟಿದರು. ಕಲಿಸಿ ಕೆಲವು ವಾರಗಳ ನಂತರ ಬೇರೆ ತಂಡದವರು ಕೆಲವು ಮನೆಗಳಿಗೆ ಹೋಗಿ ತಾಯಿಗೆ 'ನೆನಪಿದೆಯಾ' ಎಂದು ಕೇಳುತ್ತಿದ್ದರು, ಮಾಡಿ ತೋರಿಸಿ ಎನ್ನುತ್ತಿದ್ದರು. ಕಲಿಸಿದಾಕೆಯ ಸಂಬಳ ನಿರ್ಧಾರವಾಗುತ್ತಿದ್ದದ್ದು ಆ ಉತ್ತರದ ಮೇಲೆ. ನಮ್ಮ ತರಬೇತಿ ಕಾರ್ಯಕ್ರಮಗಳಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿ ಊಟ ಬಡಿಸಿ ಕಳಿಸುವವರು ಇದನ್ನು ಒಮ್ಮೆ ಯೋಚಿಸಬಹುದು.

ಬರೆದದ್ದು ನಿಂತೀತೇ?

ವಿಶ್ಲೇಷಣೆಗೆ ಪರೀಕ್ಷೆ ಒಂದೇ: ಕೆಲಸ ಬಾರದವರ ಕೈಗೆ ಕೊಟ್ಟು, ಅದರಲ್ಲಿ ಇದ್ದಷ್ಟನ್ನೇ ಮಾಡಿ ಎನ್ನುವುದು. ಪಕ್ಕದಲ್ಲಿ ಕೂತುಕೊಳ್ಳಿ, ಬಾಯಿ ಬಿಡಬೇಡಿ. ಅವರು ಎಲ್ಲಿ ನಿಂತರು, ಎಲ್ಲಿ ತಿರುಗಿ ನಿಮ್ಮ ಮುಖ ನೋಡಿದರು, ಅಲ್ಲಿಗೊಂದು ಗುರುತು ಹಾಕಿಕೊಳ್ಳಿ. ಅಪಾಯದ ಕೆಲಸವಾದರೆ ಖಾಲಿ ಸಿಲಿಂಡರಿನಂಥ ನಿರಪಾಯ ಏರ್ಪಾಡಿನಲ್ಲಿ ಮಾಡಿಸಿ.

ಇಬ್ಬರು ಪರಿಣತರನ್ನಾದರೂ ಕಾಣಬೇಕು. ಅವರು ಒಂದೇ ಥರ ಮಾಡದಿದ್ದರೆ ಗಾಬರಿ ಬೇಡ, ಅಲ್ಲಿಯೇ ವಿಷಯ ಇರುತ್ತದೆ. ವ್ಯತ್ಯಾಸ ಕೈಯ ರೂಢಿಯದ್ದಾದರೆ ಎರಡನ್ನೂ ಬಿಟ್ಟು ಫಲಿತಾಂಶವನ್ನಷ್ಟೇ ಬರೆಯಿರಿ. ಸುರಕ್ಷತೆಯದ್ದೋ ಗುಣಮಟ್ಟದ್ದೋ ಆದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಅವರೇ ವಾದಿಸಲಿ. ಒಬ್ಬೊಬ್ಬರನ್ನೇ ಎಷ್ಟು ಕೇಳಿದರೂ ಬಾರದ ಕಾರಣಗಳು ಆ ವಾದದಲ್ಲಿ ಹೊರಬೀಳುತ್ತವೆ.

ಅಭ್ಯಾಸಕ್ಕೆ ಮೊದಲು ಆರಿಸಿಕೊಳ್ಳುವ ಕೆಲಸ ಹತ್ತು ಹದಿನೈದು ನಿಮಿಷದ್ದಾಗಿರಲಿ, ನಿಮಗೆ ಬಾರದ್ದಾಗಿರಲಿ. ಬರುವ ಕೆಲಸವನ್ನು ಬಿಡಿಸಲು ಕೂತರೆ ನೀವೂ ಆ ರೇಷ್ಮೆಯ ಅಕ್ಕನಂತೆಯೇ "ಕಂಡರೆ ಗೊತ್ತಾಗುತ್ತದೆ" ಎಂದು ದಾಟಿಬಿಡುತ್ತೀರಿ. ಪಂಕ್ಚರ್ ಹಾಕುವುದು, ಹೂ ಕಟ್ಟುವುದು, ರಕ್ತದೊತ್ತಡ ಅಳೆಯುವುದು, ಯಾವುದಾದರೂ ಆದೀತು.

ಬರೆದ ಹಾಳೆಯ ಮೇಲೆ ದಿನಾಂಕ ಹಾಕುವುದನ್ನು ಮಾತ್ರ ಮರೆಯಬೇಡಿ. ಯಾರನ್ನು, ಯಾವ ಯಂತ್ರದ ಮುಂದೆ ನೋಡಿ ಬರೆದದ್ದು ಎಂಬುದೂ ಇರಲಿ. ನೂಲು ಬಿಚ್ಚುವ ಕೆಲಸಕ್ಕೆ ಈಗ ಆಟೊಮ್ಯಾಟಿಕ್ ರೀಲಿಂಗ್ ಯಂತ್ರಗಳು ಬಂದಿವೆ. ನೂಲು ತೆಳುವಾದದ್ದನ್ನು ಅಲ್ಲಿ ಯಂತ್ರವೇ ಪತ್ತೆ ಹಚ್ಚಿ ಗೂಡು ಕೊಡುತ್ತದೆ. ಅಕ್ಕನ ಕಣ್ಣು ಮಾಡುತ್ತಿದ್ದ ತೀರ್ಮಾನ ಅಲ್ಲಿ ಬೇಕಿಲ್ಲ. ಅದರ ಬದಲು ಗೂಡುಗಳು ಒಂದೇ ಹದದಲ್ಲಿ ಬೆಂದಿವೆಯೇ, ಯಾವ ತುದಿ ಕಡಿದು ನಿಂತಿದೆ ಎಂಬ ಬೇರೆ ತೀರ್ಮಾನಗಳು ಬಂದಿವೆ. ಅಕ್ಕನ ಬೇಸಿನ್ನಿಗೆ ಬರೆದ ಪಾಠವನ್ನು ಆ ಯಂತ್ರದ ಮುಂದೆ ನಿಂತವರಿಗೆ ಓದಿ ಹೇಳುವಂತಿಲ್ಲ, ಮತ್ತೆ ಹೋಗಿ ನೋಡಬೇಕು.